ಹಳೆಯ ಗಣಕಯಂತ್ರಗಳಿಗೆ ಮಿತವ್ಯಯದ ಎಸ್.ಎಸ್.ಡಿ. ಆಯ್ಕೆ: ಸಾರ್ವಜನಿಕರ ಗಮನಕ್ಕೆ

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಋಣಭಾರ ಪತ್ರ ಮುಂತಾದ ಸೇವೆಗಳು ಭೂಮಿ, ನಾಡಕಚೇರಿ, ಸೇವಾ ಸಿಂಧು ಮತ್ತು ಕಾವೇರಿ ತಂತ್ರಾಂಶಗಳ ಮೂಲಕ ಮನೆಯಿಂದಲೇ ಲಭ್ಯವಿರುತ್ತವೆ. ಸಾಗರ ತಾಲ್ಲೂಕಿನ ವರದಹಳ್ಳಿಯೂ ಸೇರಿದಂತೆ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಹಿಂದೆ ಖರೀದಿಸಿದ ಗಣಕಯಂತ್ರದಲ್ಲಿಯೇ ಅರ್ಜಿ ಸಲ್ಲಿಸುವವರು ಇದ್ದಾರೆ. ಯಂತ್ರವು ನಿಧಾನವಾಗಿದ್ದಲ್ಲಿ ದಾಖಲೆ ಲಗತ್ತಿಸುವಷ್ಟರಲ್ಲಿ ಅವಧಿ ಮೀರಿ, ಅರ್ಜಿಯನ್ನು ಮೊದಲಿನಿಂದ ಭರ್ತಿ ಮಾಡಬೇಕಾಗುತ್ತದೆ. ಕೊನೆಯ ದಿನಾಂಕ ಸಮೀಪಿಸಿದಾಗ ಇದರಿಂದ ಸೌಲಭ್ಯವೇ ಕೈತಪ್ಪುವ ಸಂಭವವಿರುತ್ತದೆ.

ಇಂತಹ ಸಂದರ್ಭದಲ್ಲಿ ಹೊಸ ಗಣಕಯಂತ್ರ ಖರೀದಿಸುವ ಮುನ್ನ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಅಳವಡಿಸುವ ಬಗ್ಗೆ ಪರಿಶೀಲಿಸುವುದು ಸೂಕ್ತ. ಈ ಮಾಹಿತಿಯನ್ನು ಯಾವುದೇ ತಯಾರಕರ ಅಥವಾ ಮಾರಾಟಗಾರರ ಪರವಾಗಿ ನೀಡಿರುವುದಿಲ್ಲ.

2. ಎಸ್.ಎಸ್.ಡಿ. ಅಗತ್ಯವಿದೆಯೇ?

ಖರೀದಿಗೆ ಮುನ್ನ ನಿಧಾನಕ್ಕೆ ಕಾರಣವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ವಿಂಡೋಸ್ 10ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗವನ್ನು ನೋಡಿರಿ.

ಅ) ಡಿಸ್ಕ್ ಬಳಕೆ ಬಹುಹೊತ್ತು ಶೇ. 100ರ ಆಸುಪಾಸಿನಲ್ಲಿದ್ದು ಮೆಮೊರಿಯಲ್ಲಿ ಸ್ಥಳ ಉಳಿದಿದ್ದರೆ, ಎಸ್.ಎಸ್.ಡಿ.ಯಿಂದ ಸ್ಪಷ್ಟ ಪ್ರಯೋಜನವಾಗುತ್ತದೆ.

ಆ) ಮೆಮೊರಿ ಪೂರ್ತಿ ತುಂಬಿದ್ದರೆ ಮೊದಲು ರ‍್ಯಾಮ್ ಹೆಚ್ಚಿಸುವುದು ಸೂಕ್ತ. ಕೇವಲ 2 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಎಸ್.ಎಸ್.ಡಿ. ಒಂದರಿಂದಲೇ ಸಮಸ್ಯೆ ಬಗೆಹರಿಯುವುದಿಲ್ಲ.

ಇ) ಯಂತ್ರ ಬೇಗನೆ ಆರಂಭವಾಗಿ, ಜಾಲತಾಣಗಳು ಮಾತ್ರ ನಿಧಾನವಾಗಿ ತೆರೆದುಕೊಂಡರೆ ಕಾರಣ ಅಂತರ್ಜಾಲ ಸಂಪರ್ಕವಾಗಿರುತ್ತದೆ. ಎಸ್.ಎಸ್.ಡಿ.ಗೆ ಮಾಡುವ ವೆಚ್ಚ ಇಲ್ಲಿ ವ್ಯರ್ಥ.

3. ವೇಗದಲ್ಲಿ ವ್ಯತ್ಯಾಸ ಏಕೆ?

ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಚಲಿಸಬೇಕು. ನಿಮಿಷಕ್ಕೆ 5400 ಬಾರಿ ಸುತ್ತುವ ತಟ್ಟೆಯಲ್ಲಿ ಬೇಕಾದ ಭಾಗವು ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 5.6 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಸರಿಯುವ ಸಮಯ ಇದಕ್ಕೆ ಹೊರತಾಗಿರುತ್ತದೆ. ಆದುದರಿಂದ ಒಂದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಚಿಕ್ಕ ಓದುಗಳು ಮಾತ್ರ ಸಾಧ್ಯ. ಎಸ್.ಎಸ್.ಡಿ.ಯಲ್ಲಿ ಚಲಿಸುವ ಭಾಗಗಳೇ ಇಲ್ಲದಿರುವುದರಿಂದ ಸಾವಿರಾರು ಓದುಗಳು ಸಾಧ್ಯವಾಗುತ್ತವೆ. ಯಂತ್ರದ ಆರಂಭ ಮತ್ತು ಬ್ರೌಸರ್ ತೆರೆಯುವಿಕೆಗೆ ಇಂತಹ ಚಿಕ್ಕ ಓದುಗಳೇ ಆಧಾರ.

4. ಯಂತ್ರಕ್ಕೆ ಹೊಂದುವ ಬಗೆ

ಅ) 2.5 ಇಂಚಿನ ಸಾಟಾ: ಹಳೆಯ ಲ್ಯಾಪ್‌ಟಾಪ್ ಮತ್ತು ಮೇಜಿನ ಗಣಕಯಂತ್ರಗಳಿಗೆ ಸಾಮಾನ್ಯವಾಗಿ ಇದೇ ಹೊಂದುತ್ತದೆ. ಸಾಟಾ 3ರಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ಹಾಗೂ 2011ಕ್ಕಿಂತ ಹಿಂದಿನ ಅನೇಕ ಯಂತ್ರಗಳಲ್ಲಿರುವ ಸಾಟಾ 2ರಲ್ಲಿ ಅದರ ಅರ್ಧದಷ್ಟು ವೇಗ ದೊರೆಯುತ್ತದೆ. ಚಿಕ್ಕ ಓದುಗಳ ಲಾಭ ಎರಡರಲ್ಲಿಯೂ ಇರುವುದರಿಂದ ಸಾಟಾ 2 ಇದೆಯೆಂದು ಹಿಂಜರಿಯಬೇಕಾಗಿಲ್ಲ.

ಆ) ಎಂ.2: ಅಂಟುಪಟ್ಟಿಯಾಕಾರದ ತೆಳು ಹಲಗೆ. ನೋಟಕ್ಕೆ ಒಂದೇ ತೆರನಾಗಿದ್ದರೂ ಇದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಸಾಟಾ ಮಾತ್ರ ಸ್ವೀಕರಿಸುವ ಕಿಂಡಿಯಲ್ಲಿ ಎನ್‌ವಿಎಂಇ ಕೆಲಸ ಮಾಡುವುದಿಲ್ಲ. ಯಂತ್ರದ ಕೈಪಿಡಿಯನ್ನು ನೋಡಿಯೇ ಖರೀದಿಸತಕ್ಕದ್ದು.

ಇ) ಅಗಲವಾದ ಪಟ್ಟಿ ತಂತಿಯುಳ್ಳ ಐಡಿಇ ಯಂತ್ರಗಳು: ಇವುಗಳಿಗೆ ಪರಿವರ್ತಕ ಕೊಂಡು ಹಣ ವ್ಯಯಿಸುವುದು ಲಾಭದಾಯಕವಲ್ಲ.

ವೇಗದ ಎನ್‌ವಿಎಂಇಗೆ ಹೆಚ್ಚು ಬೆಲೆ ತೆತ್ತರೂ ಅರ್ಜಿ ಸಲ್ಲಿಕೆ, ಬೆರಳಚ್ಚು ಮತ್ತು ಲೆಕ್ಕಪತ್ರದ ಕೆಲಸಗಳಲ್ಲಿ ಸಾಟಾಗಿಂತ ಎದ್ದು ಕಾಣುವ ವ್ಯತ್ಯಾಸವಿರುವುದಿಲ್ಲ.

5. ಸಾಮರ್ಥ್ಯ

ಸಾಮಾನ್ಯ ಗೃಹ ಬಳಕೆಗೆ 240 ಅಥವಾ 256 ಜಿಬಿ ಸಾಕಾಗುತ್ತದೆ. 120 ಜಿಬಿ ಸಾಧನವು ಬೇಗ ತುಂಬುತ್ತದೆ, ತುಂಬಿದ ಎಸ್.ಎಸ್.ಡಿ. ನಿಧಾನವಾಗುವುದರಿಂದ ಐದನೆಯ ಒಂದು ಭಾಗವನ್ನು ಖಾಲಿ ಬಿಡುವುದು ಒಳ್ಳೆಯದು. ಛಾಯಾಚಿತ್ರ ಮತ್ತು ವಿಡಿಯೋಗಳನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿಯೇ ಉಳಿಸಿಕೊಂಡರೆ ದೊಡ್ಡ ಸಾಧನದ ವೆಚ್ಚ ಉಳಿಯುತ್ತದೆ. 240 ಜಿಬಿ ಸಾಧನವು ವಿಂಡೋಸಿನಲ್ಲಿ ಸುಮಾರು 223 ಜಿಬಿ ಎಂದು ಕಾಣಿಸುವುದು ಎಣಿಕೆ ಕ್ರಮದ ವ್ಯತ್ಯಾಸದಿಂದಲೇ ಹೊರತು ದೋಷದಿಂದಲ್ಲ.

6. ಬಾಳಿಕೆಯ ಲೆಕ್ಕ

ಪ್ರತಿ ಸಾಧನಕ್ಕೂ ತಯಾರಕರು ಟಿಬಿಡಬ್ಲ್ಯು ಎಂಬ ಬರವಣಿಗೆಯ ಮಿತಿಯನ್ನು ನಮೂದಿಸಿರುತ್ತಾರೆ. ಉದಾಹರಣೆಗೆ ಮಿತಿಯು 80 ಟಿಬಿ ಇದ್ದು, ದಿನಕ್ಕೆ 20 ಜಿಬಿ ಬರೆಯಲ್ಪಟ್ಟರೆ 4000 ದಿನ, ಅಂದರೆ ಸುಮಾರು 11 ವರ್ಷವಾಗುತ್ತದೆ. ಗೃಹ ಬಳಕೆಯಲ್ಲಿ ದಿನಕ್ಕೆ ಇಷ್ಟು ಬರೆಯುವುದು ವಿರಳ. ಆದ್ದರಿಂದ ದುಬಾರಿ ಸಾಧನದ ಹೆಚ್ಚಿನ ಮಿತಿಗಾಗಿ ಹಣ ಕೊಡುವ ಬದಲು ಖಾತರಿ ಅವಧಿಗೆ ಪ್ರಾಮುಖ್ಯತೆ ನೀಡಿರಿ. ಖಾತರಿ ಮೂರು ವರ್ಷಕ್ಕಿಂತ ಕಡಿಮೆ ಇರುವುದನ್ನು ಕೊಳ್ಳದಿರುವುದು ಲೇಸು. ಕೋಶವೊಂದಕ್ಕೆ ಮೂರು ಬಿಟ್ ಇರುವ ಟಿಎಲ್‌ಸಿ ಮತ್ತು ನಾಲ್ಕು ಬಿಟ್ ಇರುವ ಕ್ಯೂಎಲ್‌ಸಿ ಒಂದೇ ಬೆಲೆಗೆ ದೊರೆತರೆ ಟಿಎಲ್‌ಸಿಯನ್ನು ಆಯ್ದುಕೊಳ್ಳಿರಿ.

7. ಖರೀದಿಯಲ್ಲಿ ಎಚ್ಚರಿಕೆ

2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಏರಿದ್ದರಿಂದ ಹಳೆಯ ದರಪಟ್ಟಿಗಳನ್ನು ನಂಬದೆ ಎರಡು ಮೂರು ಕಡೆ ವಿಚಾರಿಸಿರಿ. ಬೆಲೆಯನ್ನು ಜಿಬಿಗಳಿಂದ ಭಾಗಿಸಿ ಹೋಲಿಸುವುದು ಸರಿಯಾದ ಕ್ರಮ. ಪೇಟೆ ದರಕ್ಕಿಂತ ತೀರಾ ಅಗ್ಗಕ್ಕೆ ಬರುವ 1 ಅಥವಾ 2 ಟಿಬಿ ಸಾಧನಗಳು ನಕಲಿಯಾಗಿದ್ದು, ಒಳಗೆ ಅಲ್ಪ ಸಾಮರ್ಥ್ಯದ ಚಿಪ್ಪು ಇರುವ ಸಂಭವವುಂಟು. ಕ್ರಮಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯತಕ್ಕದ್ದು. ಬಿಲ್ಲಿಲ್ಲದೆ ಖಾತರಿ ಕೇಳುವುದು ಕಷ್ಟಸಾಧ್ಯ. ವ್ಯಾಜ್ಯವುಂಟಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ.

8. ಅಳವಡಿಸುವ ಮುನ್ನ

ಅ) ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ತೆಗೆದು, ತೆರೆದು ನೋಡಿರಿ.

ಆ) ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತಗಳಿದ್ದರೆ ಆ ಅಕ್ಷರಶೈಲಿಗಳನ್ನೂ ಉಳಿಸಿಕೊಳ್ಳತಕ್ಕದ್ದು. ಅವಿಲ್ಲದೆ ಹೊಸದಾಗಿ ವಿಂಡೋಸ್ ಸ್ಥಾಪಿಸಿದರೆ ಕನ್ನಡ ಕಡತಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಇ) ಬಿಟ್‌ಲಾಕರ್ ಬಳಸಿದ್ದಲ್ಲಿ ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಿರಿ.

ಈ) ಬಯೋಸ್‌ನಲ್ಲಿ ಸಾಟಾ ವಿಧಾನವು ಎಎಚ್‌ಸಿಐ ಎಂದಿರುವುದು ಉತ್ತಮ. ಹಳೆಯ ವಿಂಡೋಸನ್ನೇ ನಕಲು ಮಾಡುವುದಿದ್ದರೆ ಮುನ್ಸಿದ್ಧತೆಯಿಲ್ಲದೆ ಇದನ್ನು ಬದಲಿಸಬಾರದು. ಯಂತ್ರ ಆರಂಭವಾಗದೇ ಹೋಗಬಹುದು.

9. ಮಲೆನಾಡಿನ ಬಳಕೆದಾರರಿಗೆ ವಿಶೇಷ ಸೂಚನೆ

ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಹೋಗಿಬರುವುದು ಸಾಮಾನ್ಯ. ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಎಸ್.ಎಸ್.ಡಿ.ಯಲ್ಲಿಯೂ ಕಡತಗಳು ಹಾಳಾಗಬಹುದು. ಮೇಜಿನ ಗಣಕಯಂತ್ರಕ್ಕೆ ಯುಪಿಎಸ್ ಇರಲಿ. ಲ್ಯಾಪ್‌ಟಾಪಿನ ಸತ್ತ ಬ್ಯಾಟರಿಯನ್ನು ಬದಲಿಸಿರಿ. ಗುಡುಗು ಸಿಡಿಲಿನ ವೇಳೆ ವಿದ್ಯುತ್ ತಂತಿಯ ಜೊತೆಗೆ ಅಂತರ್ಜಾಲದ ತಂತಿಯನ್ನೂ ಕಳಚಿಡತಕ್ಕದ್ದು.

ಹಾರ್ಡ್ ಡಿಸ್ಕ್ ಕೆಡುವ ಮುನ್ನ ಅನೇಕ ವೇಳೆ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್.ಎಸ್.ಡಿ. ಯಾವ ಸೂಚನೆಯೂ ಇಲ್ಲದೆ ನಿಂತುಹೋಗಬಹುದು ಮತ್ತು ಅಳಿಸಿಹೋದ ಕಡತಗಳನ್ನು ಅದರಿಂದ ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಜಮೀನಿನ ಪತ್ರ, ಅಂಕಪಟ್ಟಿ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಒಂದೇ ಕಡೆ ಇಡಬಾರದು. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡಲು ಎಸ್.ಎಸ್.ಡಿ. ಸೂಕ್ತವಲ್ಲ, ಆ ಉದ್ದೇಶಕ್ಕೆ ಹಳೆಯ ಹಾರ್ಡ್ ಡಿಸ್ಕೇ ಮೇಲು.

10. ಕಾರ್ಯಾಚರಣೆ ತಂತ್ರಾಂಶ

ವಿಂಡೋಸ್ 7ಕ್ಕೆ ತಯಾರಕರ ಬೆಂಬಲವು 14-01-2020ರಂದು, ವಿಂಡೋಸ್ 10ಕ್ಕೆ 14-10-2025ರಂದು ಮುಕ್ತಾಯಗೊಂಡಿದೆ. ಗೃಹ ಬಳಕೆದಾರರು ನೋಂದಾಯಿಸಿಕೊಂಡು ಪಡೆಯುವ ವಿಂಡೋಸ್ 10ರ ವಿಸ್ತೃತ ಭದ್ರತಾ ಸೌಲಭ್ಯಕ್ಕೆ 13-10-2026ರ ಗಡುವು ಘೋಷಿತವಾಗಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅಗತ್ಯವಿದ್ದು, ಎಸ್.ಎಸ್.ಡಿ. ಅಳವಡಿಸಿದ ಮಾತ್ರಕ್ಕೆ ಹಳೆಯ ಯಂತ್ರವು ಅದಕ್ಕೆ ಅರ್ಹವಾಗುವುದಿಲ್ಲ. ಇಂತಹ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಬಳಸಬಹುದು. ಯೂನಿಕೋಡ್ ಕನ್ನಡ ಅದರಲ್ಲಿ ಲಭ್ಯವಿದೆ. ಡಿಜಿಟಲ್ ಸಹಿ ಅಥವಾ ಬೆರಳಗುರುತಿನ ಸಾಧನ ಬಳಸುವವರು ಅದು ಲಿನಕ್ಸ್‌ನಲ್ಲಿ ನಡೆಯುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

11. ಹಳೆಯ ಡಿಸ್ಕಿನ ವಿಲೇವಾರಿ

ಹಳೆಯ ಡಿಸ್ಕಿನಲ್ಲಿ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮುಂತಾದವುಗಳ ಪ್ರತಿಗಳಿರುತ್ತವೆ. ತ್ವರಿತ ಫಾರ್ಮ್ಯಾಟ್ ಮಾಡಿದರೆ ಅವು ಅಳಿಯುವುದಿಲ್ಲ. ಪೂರ್ಣವಾಗಿ ಮೇಲ್ಬರಹ ಮಾಡದೆ ಡಿಸ್ಕನ್ನು ಅಂಗಡಿಯಲ್ಲಿ ಬಿಡಬಾರದು, ಗುಜರಿಗೂ ಹಾಕಬಾರದು. ಕೆಟ್ಟ ಡಿಸ್ಕನ್ನು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರನ್ವಯ ನೋಂದಾಯಿತ ಸಂಸ್ಕರಣಕಾರರಿಗೆ ಸೇರುವಂತೆ ನೀಡತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಸ್.ಎಸ್.ಡಿ.ಯನ್ನು ಡಿಫ್ರಾಗ್ ಮಾಡಬೇಕೇ?
ಉತ್ತರ: ಬೇಡ. ವಿಂಡೋಸ್ ತಾನಾಗಿಯೇ ಟ್ರಿಮ್ ಎಂಬ ಕ್ರಿಯೆಯನ್ನು ನಿರ್ವಹಿಸುತ್ತದೆ.

ಪ್ರಶ್ನೆ: ಬಳಸಿದ ಎಸ್.ಎಸ್.ಡಿ. ಕೊಳ್ಳಬಹುದೇ?
ಉತ್ತರ: ಉಳಿದಿರುವ ಆಯುಷ್ಯವನ್ನು ಸ್ಮಾರ್ಟ್ ಮಾಹಿತಿಯಲ್ಲಿ ನೋಡದೆ ಕೊಳ್ಳಬಾರದು.

ಪ್ರಶ್ನೆ: ಹೊಸ ಯಂತ್ರ ಬಂದ ಮೇಲೆ ಈ ಖರ್ಚು ವ್ಯರ್ಥವೇ?
ಉತ್ತರ: ಇಲ್ಲ. 2.5 ಇಂಚಿನ ಸಾಧನವನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಹೊರ ಸಂಗ್ರಹವಾಗಿ ಬಳಸಬಹುದು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ, ತಮ್ಮ ಅಗತ್ಯಕ್ಕೆ ತಕ್ಕಂತೆ ತೀರ್ಮಾನ ಕೈಗೊಳ್ಳಲು ಕೋರಲಾಗಿದೆ. ಯಂತ್ರವು ಸರಿಯಾಗುವವರೆಗೆ ಅರ್ಜಿಯ ಕೊನೆಯ ದಿನಾಂಕ ಕಾಯುವುದಿಲ್ಲವಾದ್ದರಿಂದ, ತುರ್ತಿರುವವರು ಸಮೀಪದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು.