ಬುಡ ಯಾವ ಕಡೆ?

ಕೈಗೆ ಆಳವಾದ ಗಾಯವಾಗಿದೆ, ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ. ಆಗ ‘ಗಾಯದ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ’ ಎಂದರೆ ಕೇಳಿಸಿಕೊಂಡವರು ಎಲ್ಲಿ ಕಟ್ಟಬೇಕು? ಮೇಜಿನ ಮೇಲೆ ಪುಸ್ತಕ ಎಂದರೆ ತಾಗಿಕೊಂಡಿದೆ. ತಲೆಯ ಮೇಲೆ ಫ್ಯಾನು ಎಂದರೆ ತಾಗದೆ ಎತ್ತರದಲ್ಲಿದೆ. ಕಟ್ಟಬೇಕಾದ ಜಾಗವನ್ನು ಈ ಎರಡು ಅರ್ಥಗಳಲ್ಲಿ ಯಾವುದೂ ಸರಿಯಾಗಿ ತೋರಿಸುವುದಿಲ್ಲ. ಗಾಯಕ್ಕೂ ಹೃದಯಕ್ಕೂ ನಡುವೆ, ಗಾಯದಿಂದ ಎರಡು ಮೂರು ಅಂಗುಲ ಸರಿದು ಕಟ್ಟಬೇಕು. ಗಾಯಾಳು ಕೈ ಎತ್ತಿ ಹಿಡಿದಿದ್ದರೆ ಆ ಜಾಗ ಗಾಯದ ಕೆಳಗೇ ಬರುತ್ತದೆ. ವೈದ್ಯರು ಇದನ್ನು ಪ್ರಾಕ್ಸಿಮಲ್ ಎನ್ನುತ್ತಾರೆ, ಇದಕ್ಕೆ ಎದುರಿನದು ಡಿಸ್ಟಲ್. ಈ ಜೋಡಿಗೆ ಕನ್ನಡದಲ್ಲಿ ಹೊಸದೇನನ್ನೂ ಕಟ್ಟಬೇಕಿಲ್ಲ, ಬುಡ ಮತ್ತು ತುದಿ ಸಾಕು ಎಂಬುದು ನನ್ನ ವಾದ.

ಬುಡ ಎಂದೊಡನೆ ಮರ ನೆನಪಾಗುವುದರಿಂದ ಅದರ ಅರ್ಥ ‘ಕೆಳಭಾಗ’ ಎಂದೇ ತೋರುತ್ತದೆ. ಬಳಕೆ ಬೇರೆಯದನ್ನೇ ಹೇಳುತ್ತದೆ. ಕೆಳಸಾಲಿನ ಹಲ್ಲಿನ ಬುಡ ಕೆಳಗಿದ್ದರೆ ಮೇಲ್ಸಾಲಿನ ಹಲ್ಲಿನ ಬುಡ ಮೇಲಿದೆ. ಎರಡನ್ನೂ ನಾವು ತಡವರಿಸದೆ ಬುಡ ಎನ್ನುತ್ತೇವೆ. ಹಸುವಿನ ಕೋಡಿನ ಬುಡ ಕೆಳಗೆ, ಇಳಿಬಿದ್ದ ಬಾಲದ ಬುಡ ಮೇಲೆ. ನಾಲಿಗೆಯ ಬುಡ ಹಿಂದಿದೆ. ಉಗುರಿನ ಬುಡವಂತೂ ಕೈ ಹೇಗೆ ತಿರುಗಿದರೂ ಉಗುರಿನ ಬುಡವೇ. ‘ಬುಡಮೇಲು’ ಎಂಬ ಮಾತನ್ನೇ ನೋಡಿ: ಮೇಲಕ್ಕೆ ಬಂದಮೇಲೂ ಅದು ಬುಡವಾಗಿಯೇ ಉಳಿದಿದೆ. ಅಂದರೆ ದೇಹದ ಮಟ್ಟಿಗೆ ಈ ಪದ ಹೇಳುವುದು ಎತ್ತರವನ್ನಲ್ಲ, ಒಂದು ಅಂಗ ಎಲ್ಲಿ ಅಂಟಿಕೊಂಡಿದೆ ಎಂಬುದನ್ನು.

ಎಡಿನ್‌ಬರೋದ ಅಂಗರಚನಾಶಾಸ್ತ್ರಜ್ಞ ಜಾನ್ ಬಾರ್ಕ್ಲೆ 1803ರಲ್ಲಿ ಸ್ಥಾನಸೂಚಕ ಪದಗಳಿಗೆಂದೇ ಒಂದು ಪುಸ್ತಕ ಬರೆದದ್ದು ಇಂಥ ಗೊಂದಲ ತಪ್ಪಿಸಲೆಂದೇ. ನೆಟ್ಟಗೆ ನಿಲ್ಲುವ ಮನುಷ್ಯನಲ್ಲಿ ತಲೆ ಮೇಲಿದ್ದರೆ ನಾಲ್ಕು ಕಾಲಿನ ಪ್ರಾಣಿಯಲ್ಲಿ ಅದು ಮುಂದಿರುತ್ತದೆ. ಮೇಲೆ, ಕೆಳಗೆ ಎಂಬ ಮಾತು ಎರಡಕ್ಕೂ ಒಂದೇ ಆಗಿ ಹೊಂದದು. ಕೈಕಾಲುಗಳಿಗೆ ಅಂಟಿಕೊಂಡ ಕಡೆಯಿಂದ ಅಳೆಯುವ ಪದಗಳೇ ಬೇಕಾದವು. ಮೊಣಕೈ ಮಣಿಕಟ್ಟಿಗಿಂತ ಬುಡದ ಕಡೆಗಿದೆ, ಭುಜಕ್ಕಿಂತ ತುದಿಯ ಕಡೆಗಿದೆ ಎಂದರೆ ಒಂದೇ ಜಾಗ ಯಾವುದಕ್ಕೆ ಹೋಲಿಸಿದಾಗ ಏನಾಗುತ್ತದೆ ಎಂಬುದೂ ತಿಳಿಯುತ್ತದೆ. ಬೆರಳಿನ ಮೂರು ಮೂಳೆಗಳಿಗೆ ಬುಡದ್ದು, ನಡುವಿನದು, ತುದಿಯದು ಎಂದರೆ ಮುಗಿಯಿತು; ಹೆಬ್ಬೆರಳಿಗೆ ನಡುವಿನದಿಲ್ಲ.

ಸಮೀಪಸ್ಥ, ದೂರಸ್ಥ ಎಂದರೆ ಹೆಚ್ಚು ಶಾಸ್ತ್ರೀಯವಲ್ಲವೇ ಎಂದು ಕೇಳಬಹುದು. ಯಾವುದಕ್ಕೆ ಸಮೀಪ ಎಂಬುದನ್ನು ಆ ಪದ ಹೇಳುವುದಿಲ್ಲ, ವಿದ್ಯಾರ್ಥಿ ಬಾಯಿಪಾಠ ಮಾಡಬೇಕು. ಬುಡ ಎಂಬಲ್ಲಿ ಆ ಉತ್ತರವೂ ಸೇರಿಕೊಂಡಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಲಿನದು. ‘ಕಾಲ ಬುಡಕ್ಕೆ ನೀರು ಬಂತು’ ಎಂದಾಗ ಕನ್ನಡಿಗರಿಗೆ ಕಾಣುವುದು ಪಾದ, ಸೊಂಟದ ಕೀಲಲ್ಲ. ಅಂಗರಚನೆಯ ಲೆಕ್ಕಕ್ಕೆ ಇದು ನೇರ ವಿರುದ್ಧ, ಇದನ್ನು ತೇಲಿಸಿಬಿಡುವಂತಿಲ್ಲ. ಆದರೆ ತೊಡಕಿರುವುದು ಇಡೀ ಕಾಲನ್ನು ನೆಲದ ಮೇಲೆ ನಿಂತ ಕಂಬವೆಂದು ನೋಡಿದಾಗ ಮಾತ್ರ. ತೊಡೆಯ ಬುಡ ಎಂದರೆ ಯಾರೂ ಮೊಣಕಾಲನ್ನು ಮುಟ್ಟಿ ತೋರಿಸುವುದಿಲ್ಲ, ಕಾಲ್ಬೆರಳ ಬುಡದ ಬಗ್ಗೆಯೂ ಅನುಮಾನವಿಲ್ಲ. ಹಾಗಾಗಿ ಪಾಠದಲ್ಲಿ ‘ಕಾಲಿನ ಬುಡ’ವನ್ನು ಬಿಟ್ಟು ತೊಡೆ, ಬೆರಳು ಎಂದು ಬಿಡಿಸಿ ಹೇಳಬೇಕು, ಉಳಿದೆಡೆ ‘ಸೊಂಟದ ಕಡೆಗೆ’ ಎನ್ನಬೇಕು.

ಮುಂಡದ ವಿಷಯ ಬೇರೆ. ಎದೆಗೂ ಹೊಟ್ಟೆಗೂ ಬುಡವಿಲ್ಲ, ತುದಿಯಿಲ್ಲ. ಅಲ್ಲಿ ಅಂಗೈ ಮುಂದಕ್ಕೆ ತೋರಿಸಿ ನೆಟ್ಟಗೆ ನಿಂತ ದೇಹವನ್ನೇ ಅಳತೆಗೋಲಾಗಿಟ್ಟುಕೊಂಡು, ರೋಗಿ ಮಲಗಿದ್ದರೂ ತಲೆಯ ಕಡೆಯನ್ನು ಮೇಲೆಂದೇ ಎಣಿಸಬೇಕು. ಎಡಬಲಗಳೂ ನೋಡುವವರವಲ್ಲ, ರೋಗಿಯವು.