ಬೆಳಗಾವಿ ಬಿಟ್ಟ ನೇಗಿಲು

ಪುಣೆಯಿಂದ ಮೀರಜ್ ಮಾರ್ಗವಾಗಿ ಬೆಳಗಾವಿಗೆ ಬರುವ ರೈಲು ಸಾಂಗ್ಲಿಗಿಂತ ಸ್ವಲ್ಪ ಮುಂಚೆ ಕಿರ್ಲೋಸ್ಕರವಾಡಿ ಎಂಬ ಸಣ್ಣ ಸ್ಟೇಷನ್ನನ್ನು ದಾಟುತ್ತದೆ. ಹಿಂದೆ ಅದರ ಹೆಸರು ಕುಂಡಲ್ ರೋಡ್. ಒಂದು ಮನೆತನದ ಹೆಸರು ಆ ಊರಿಗೆ ಬರಲು ಕಾರಣ, ಆ ಮನೆತನಕ್ಕೆ ಬೆಳಗಾವಿಯಲ್ಲಿ ಜಾಗ ತಪ್ಪಿದ್ದು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲೆಂದು ಮುಂಬೈಯ ಜೆ.ಜೆ. ಶಾಲೆ ಸೇರಿದರು. ಕೆಲವು ಬಣ್ಣಗಳನ್ನು ಗುರುತಿಸಲು ತಮ್ಮ ಕಣ್ಣಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ತಮಗೆ ಬರಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣ ರಾಮಣ್ಣನೊಂದಿಗೆ ಸೈಕಲ್ ವ್ಯಾಪಾರ ಇತ್ತು. ‘ಕಿರ್ಲೋಸ್ಕರ್ ಬ್ರದರ್ಸ್’ ತನ್ನ ಹುಟ್ಟನ್ನು 1888ರಿಂದ ಎಣಿಸುವುದು ಈ ಅಂಗಡಿಯಿಂದಲೇ.

ಸೈಕಲ್ ಮಾರುತ್ತಲೇ ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲು. ಆದರೆ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಅದನ್ನು ಬರೀ ಮೂಢನಂಬಿಕೆ ಎನ್ನುವುದು ಸುಲಭ. ಆದರೆ ಮರದ ನೇಗಿಲು ಮುರಿದರೆ ಊರಿನ ಬಡಿಗನೇ ಸರಿ ಮಾಡಿಕೊಡುತ್ತಿದ್ದ, ಅವನಿಗೆ ಕೊಡಬೇಕಾದ್ದು ಸುಗ್ಗಿಯಲ್ಲಿ ಕಾಳು. ಕಬ್ಬಿಣದ್ದಕ್ಕೆ ರೊಕ್ಕ ಎಣಿಸಬೇಕು, ಮುರಿದರೆ ಪೇಟೆಗೆ ಹೋಗಬೇಕು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ವ್ಯಾಪಾರ ಕುದುರುವ ಹೊತ್ತಿಗೆ ಬೆಳಗಾವಿ ಪುರಸಭೆ ಊರನ್ನು ವಿಸ್ತರಿಸಲು ಹೊರಟು, ಕಾರ್ಖಾನೆ ಇದ್ದ ಜಾಗ ತೆರವು ಮಾಡಿ ಎಂದಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಬಳಿ 32 ಎಕರೆ ಕೊಟ್ಟರು, ಸಾಲವನ್ನೂ ಕೊಟ್ಟರು. ನೆಲದ ತುಂಬ ಪಾಪಸುಕಳ್ಳಿ, ಹಾವು. 1910ರಲ್ಲಿ ಅದನ್ನು ಕಡಿದು ಕಾರ್ಖಾನೆ ಮಾತ್ರವಲ್ಲ, ಊರನ್ನೇ ಕಟ್ಟಿದರು. ಅಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲಿನಿಂದ ಬಿಡುಗಡೆಯಾದವರನ್ನು ಲಕ್ಷ್ಮಣರಾವ್ ರಾತ್ರಿ ಪಹರೆಗೆ ಇಟ್ಟುಕೊಂಡರು. 1920ರಲ್ಲಿ ಶಂಕರರಾವ್ ಕಿರ್ಲೋಸ್ಕರ್ ಶುರುಮಾಡಿದ ಕಾರ್ಖಾನೆಯ ಸುದ್ದಿಪತ್ರ, ಮರಾಠಿಯ ಹೆಸರಾಂತ ಮಾಸಿಕವಾಗಿ ಬೆಳೆಯಿತು. ಅದರ ಹಿಂದೆ 1930ರಲ್ಲಿ ‘ಸ್ತ್ರೀ’ ಬಂತು.

ಮನೆತನ ಕನ್ನಡ ನೆಲಕ್ಕೆ ಮತ್ತೆ ಬಂದದ್ದು 1941ರಲ್ಲಿ, ಬೆಳಗಾವಿಗಲ್ಲ, ಮೈಸೂರು ಸಂಸ್ಥಾನದ ಹರಿಹರಕ್ಕೆ. ತುಂಗಭದ್ರೆಯ ದಂಡೆಯಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ಮಾಡಿದ್ದು ಲೇಥ್‌ಗಳನ್ನು, ಅಂದರೆ ಬೇರೆ ಯಂತ್ರದ ಭಾಗಗಳನ್ನು ಕಡೆದು ಕೊಡುವ ಯಂತ್ರಗಳನ್ನು. ಹರಿಹರದವರಿಗೆ ‘ಕಿರ್ಲೋಸ್ಕರ್’ ಎಂದರೆ ಮನೆತನವಲ್ಲ, ಕೆಲಸ. ಲಕ್ಷ್ಮಣರಾವ್ 1956ರಲ್ಲಿ ತೀರಿಕೊಂಡರು. ಬಳಗ ಪುಣೆ, ಬೆಂಗಳೂರುಗಳಲ್ಲಿ ಎಂಜಿನ್, ಮೋಟರುಗಳಾಗಿ ಬೆಳೆಯಿತು. ಹರಿಹರದ ಕಾರ್ಖಾನೆ ಮಾತ್ರ ಈ ಶತಮಾನದ ಆರಂಭದಲ್ಲಿ ಮುಚ್ಚಿತು.

ಕಿರ್ಲೋಸ್ಕರರ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಬೆಳಗಾವಿ ಜಾಗ ಬಿಡಿಸಿದಾಗ ಮಾಲೀಕರಿಗೆ 32 ಎಕರೆ ಕೊಡುವ ರಾಜನೊಬ್ಬ ಸಿಕ್ಕ. ಹರಿಹರದಲ್ಲಿ ಲೇಥ್ ಕಟ್ಟಿದ ಕೈಗಳಿಗೆ ಅಂಥ ರಾಜ ಯಾರೂ ಸಿಗಲಿಲ್ಲ. ಕಾರ್ಖಾನೆಯ ಹೆಸರು ಹೊತ್ತ ಊರು ರೈಲ್ವೆ ಬೋರ್ಡಿನ ಮೇಲೆ ಉಳಿದಿದೆ; ಕಾರ್ಖಾನೆಯನ್ನು ನಂಬಿದ್ದ ಊರಿನ ಕಥೆಯನ್ನೂ ಅದರ ಜೊತೆಗೇ ಓದಬೇಕು.