ಕೆರೆ ಮತ್ತು ತಲಪರಿಗೆಗಳ ಸಮುದಾಯ ನಿರ್ವಹಣೆ (ಮಧುಗಿರಿ ಉಪವಿಭಾಗ)

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೆರೆ, ಕಟ್ಟೆ ಮತ್ತು ಊಟೆಯ ನೀರು ಹರಿಸುವ ತಲಪರಿಗೆಗಳನ್ನು ಅವುಗಳ ನೀರು ಬಳಸುವವರೇ ಕೂಡಿ ನೋಡಿಕೊಂಡು ಬಂದ ವ್ಯವಸ್ಥೆ. ಇದು ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣಿಸಿಕೊಂಡಿದೆ: ಇನಾಂ ಭೂಮಿಯನ್ನು ಆಧರಿಸಿದ ಊರ ಕಟ್ಟುಪಾಡು, 1911ರ ಕಾನೂನಿನ ಕೆರೆ ಪಂಚಾಯಿತಿ, 2002ರ ನಂತರದ ಕೆರೆ ಬಳಕೆದಾರರ ಸಂಘ. ಕೆರೆಗಳ ಬಗ್ಗೆ ಶಾಸನ, ಕಂದಾಯ ದಾಖಲೆ, ಎಂಜಿನಿಯರುಗಳ ವರದಿಗಳು ಹೇರಳವಾಗಿವೆ. ತಲಪರಿಗೆಗಳ ಬಗ್ಗೆ ದೊರೆಯುವ ಬರಹ ಕಡಿಮೆ. ಊರಿನವರು ಎರಡನ್ನೂ ಒಂದೇ ನೀರಿನ ಏರ್ಪಾಡಾಗಿ ನಡೆಸಿಕೊಂಡು ಬಂದರೆ, ದಾಖಲೆಗಳು ಅವನ್ನು ಬೇರೆ ಬೇರೆಯಾಗಿ ಕಂಡವು. ಆ ವಿಂಗಡಣೆಯ ಪರಿಣಾಮ ಇತ್ತೀಚಿನ ಯೋಜನೆಗಳ ಮೇಲೂ ಆಗಿದೆ.

ಭೂಸ್ಥಿತಿ

ನಾಲ್ಕೂ ತಾಲ್ಲೂಕುಗಳು ಮಳೆನೆರಳಿನ ಬಯಲುಸೀಮೆಗೆ ಸೇರಿವೆ. ಕೊರಟಗೆರೆ, ಮಧುಗಿರಿಗಳ ನೀರು ಬಹುಪಾಲು ಜಯಮಂಗಲಿಯನ್ನು ಸೇರುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಈ ಹೊಳೆ ಆಂಧ್ರಪ್ರದೇಶದ ಗಡಿ ದಾಟಿ ಉತ್ತರ ಪಿನಾಕಿನಿಯಲ್ಲಿ ಕೂಡುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಇರುವುದು ಉತ್ತರ ಪಿನಾಕಿನಿಯ ದಡದಲ್ಲೇ. ಶಿರಾ ತಾಲ್ಲೂಕಿನ ಬಹುಭಾಗದ ನೀರು ವೇದಾವತಿಯ ಕಡೆಗೆ, ಅಂದರೆ ಕೃಷ್ಣಾ ಕೊಳ್ಳಕ್ಕೆ ಹರಿಯುತ್ತದೆ. ಕಣಶಿಲೆಯ ಗುಡ್ಡಗಳು, ಅವುಗಳ ಬುಡದ ಮರಳುಮಿಶ್ರಿತ ಮಣ್ಣು, ವರ್ಷದಲ್ಲಿ ಕೆಲವೇ ದಿನ ಹರಿಯುವ ಹಳ್ಳಗಳು ಇಲ್ಲಿನ ಸಾಮಾನ್ಯ ನೋಟ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸಾಲಾಗಿ ಕೆರೆಗಳನ್ನು ಕಟ್ಟಿರುವುದರಿಂದ, ಒಂದು ಊರಿನ ಏರಿ ಒಡೆದರೆ ಕೆಳಗಿನ ಊರುಗಳೂ ನಷ್ಟ ಅನುಭವಿಸುತ್ತವೆ. ಒಂದೇ ಊರಿನ ಒಳಗೆ ಮುಗಿಯದ ಕಟ್ಟುಪಾಡುಗಳು ಬೆಳೆದುದಕ್ಕೆ ಇದೂ ಒಂದು ಕಾರಣ.

ಆರಂಭಿಕ ಕಾಲ

ಗಂಗ, ನೊಳಂಬರಿಂದ ವಿಜಯನಗರದವರೆಗಿನ ಕೆರೆ ಶಾಸನಗಳು ಪರಿಚಿತವಾದವು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರಿಗೂ ಕಾಯುವವರಿಗೂ ಅಚ್ಚುಕಟ್ಟಿನಲ್ಲೇ ಭೂಮಿ ಅಥವಾ ಫಸಲಿನ ಪಾಲು ಬಿಡುವ ಬಿತ್ತುವಟ, ದಶವಂದ, ಕಟ್ಟುಕೊಡಗಿ ಮುಂತಾದ ಏರ್ಪಾಡುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹೂಳು ಸಾಗಿಸುವ ಕೆರೆಬಂಡಿಗಾಗಿ ದತ್ತಿ ಬಿಟ್ಟ ಉಲ್ಲೇಖಗಳೂ ಇವೆ. ಕೆರೆಯ ದುರಸ್ತಿಗೆ ಬೇಕಾದ ವರಮಾನ ಕೆರೆಯ ಕೆಳಗಿನ ಗದ್ದೆಯಿಂದಲೇ ಬರಬೇಕು ಎಂಬುದು ಇವೆಲ್ಲದರ ತಳಹದಿ.

ದಿನದಿನದ ಕೆಲಸ ನೀರಗಂಟಿಯದು. ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಅವನ ಹೊಣೆ. ಇದಕ್ಕೆ ಪ್ರತಿಯಾಗಿ ಅವನಿಗೆ ಮಾನ್ಯದ ಜಮೀನು ಮತ್ತು ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ನೀರಗಂಟಿಗಳಲ್ಲಿ ಬಹುತೇಕರು ದಲಿತ ಕುಟುಂಬಗಳವರು. ಅಚ್ಚುಕಟ್ಟಿನ ದೊಡ್ಡ ಹಿಡುವಳಿಗಳು ಬೇರೆಯವರ ಕೈಯಲ್ಲಿದ್ದವು. ಹೀಗಾಗಿ ಹಳೆಯ ವ್ಯವಸ್ಥೆಯನ್ನು ಹೇಗೆ ಅರ್ಥೈಸಬೇಕು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ಪಂಥ ಇದನ್ನು ಊರೊಟ್ಟಿನ ಸ್ವಾವಲಂಬನೆಯ ಮಾದರಿ ಎನ್ನುತ್ತದೆ. ಕರ್ನಾಟಕದ ಕೆರೆ ನೀರಾವರಿಯ ಬಗ್ಗೆ 2003ರಲ್ಲಿ ಪುಸ್ತಕ ಪ್ರಕಟಿಸಿದ ಎಷಾ ಶಾ ಮುಂತಾದವರು ಜಾತಿ, ಬಿಟ್ಟಿ ದುಡಿಮೆ ಮತ್ತು ಅಧಿಕಾರಗಳ ಹಂಚಿಕೆಯನ್ನು ಬಿಟ್ಟು ಕೆರೆಯ ತಂತ್ರಜ್ಞಾನವನ್ನು ಅರಿಯಲಾಗದು ಎಂದು ವಾದಿಸಿದ್ದಾರೆ.

ತಲಪರಿಗೆ

ಮರಳು ನೆಲದಲ್ಲಿ ಅಲ್ಪ ಆಳದಲ್ಲೇ ಜಿನುಗುವ ಊಟೆಯನ್ನು ಅಗೆದು, ಬಾಯಿಗೆ ಕಲ್ಲು ಕಟ್ಟಿ, ನೀರು ತಾನಾಗಿ ಹರಿದುಹೋಗುವಂತೆ ಕಾಲುವೆ ತೆಗೆದ ರಚನೆಯೇ ತಲಪರಿಗೆ. ಇವು ಸಾಮಾನ್ಯವಾಗಿ ಕೆರೆಯಂಗಳದಲ್ಲಿ, ಕೆರೆಯ ಕೆಳಭಾಗದಲ್ಲಿ ಅಥವಾ ಹಳ್ಳದ ಬದಿಯಲ್ಲಿ ಇರುತ್ತವೆ. ರಾತ್ರಿಯಿಡೀ ಬಂದ ನೀರು ಸಣ್ಣ ಕಟ್ಟೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಕಟ್ಟೆಯ ತೂಬು ತೆಗೆದು ಸರದಿಯ ಪ್ರಕಾರ ಗದ್ದೆ ತೋಟಗಳಿಗೆ ಹಾಯಿಸುತ್ತಾರೆ. ಇದಕ್ಕೆ ಎತ್ತು ಬೇಡ, ಯಂತ್ರ ಬೇಡ. ಕೆರೆ ಬತ್ತಿದ ಬೇಸಿಗೆಯಲ್ಲಿ ಜನ ಜಾನುವಾರುಗಳಿಗೆ ಕುಡಿಯುವ ನೀರಿನ ಆಸರೆಯೂ ಇದೇ.

ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿ, ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿದ ತಲಪರಿಗೆ ಪ್ರದೇಶವನ್ನು ಗುರುತಿಸಿದೆ. ಅದರ ಪ್ರಕಾರ ಊಟೆಯ ನೀರನ್ನು ಕಿರುಗಾಲುವೆಗಳಲ್ಲಿ ಹರಿಸಲಾಗುತ್ತಿತ್ತು, ಬಾವಿ ತೋಡಿ ಎತ್ತುಗಳು ಎಳೆಯುವ ಕಪಿಲೆಯಿಂದ ಮೇಲೆತ್ತುವುದೂ ಇತ್ತು. ಉತ್ತರಕ್ಕೆ ಹೋದಂತೆ ಊಟೆಯ ನೀರು ಅಷ್ಟು ಹೇರಳವಾಗಿರಲಿಲ್ಲ. ಗೆಜೆಟಿಯರ್ ತಲಪರಿಗೆಯನ್ನು ನೆಲದ ಸ್ವಭಾವದ ಭಾಗವಾಗಿ, ಬುಗ್ಗೆಯಾಗಿ ವರ್ಣಿಸುತ್ತದೆ.

ಆದರೆ ಹೂಳೆತ್ತದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ತಲಪರಿಗೆಯ ಕಣ್ಣು ಮುಚ್ಚಿಹೋಗುತ್ತದೆ. ಆದ್ದರಿಂದ ಅದು ಮನುಷ್ಯರ ಸತತ ದುಡಿಮೆಯಿಂದ ಉಳಿಯುವ ರಚನೆಯೂ ಹೌದು. ತಲಪರಿಗೆಯ ಅಚ್ಚುಕಟ್ಟಿನಲ್ಲಿ ಜಮೀನುಳ್ಳ ಪ್ರತಿ ಮನೆಯಿಂದ ಒಬ್ಬರು ಗೊತ್ತಾದ ದಿನ ಬಂದು ಊಟೆ ಮತ್ತು ಕಾಲುವೆಗಳನ್ನು ಶುಚಿಮಾಡುವುದು, ತಪ್ಪಿಸಿಕೊಂಡವರು ದಂಡ ತೆರುವುದು, ಕೆಲಸ ಮುಗಿದ ಮೇಲೆ ಗಂಗಮ್ಮನ ಪೂಜೆ ಮಾಡಿ ಒಟ್ಟಿಗೆ ಉಣ್ಣುವುದು ವಾಡಿಕೆ. ಬರೆದಿಟ್ಟ ನಿಯಮಾವಳಿ ಇಲ್ಲದೆ ನಡೆದುಬಂದ ಈ ಕಟ್ಟುಪಾಡುಗಳು ಅಕ್ಷರಕ್ಕೆ ಇಳಿದದ್ದು ಇತ್ತೀಚೆಗೆ. ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ತುಮಕೂರು ಜಿಲ್ಲೆಯ ತಲಪರಿಗೆಗಳನ್ನು ಊರೂರಿನ ಮಟ್ಟದಲ್ಲಿ ದಾಖಲಿಸಿದವರಲ್ಲಿ ಪ್ರಮುಖರು. ಕೆರೆಯಲ್ಲಿ ನೀರು ನಿಂತರೆ ತಲಪರಿಗೆ ಜೀವ ಪಡೆಯುತ್ತದೆ, ತಲಪರಿಗೆ ಇರುವುದರಿಂದ ಬೇಸಿಗೆಯ ಬೆಳೆಗೆ ಕೆರೆಯ ತೂಬು ಎತ್ತಬೇಕಾದ ಒತ್ತಡ ಇಳಿಯುತ್ತದೆ. ಈ ಪರಸ್ಪರ ನಂಟು ಕ್ಷೇತ್ರಕಾರ್ಯದಿಂದ ಸ್ಪಷ್ಟವಾಗುವಷ್ಟು ಹಳೆಯ ವರದಿಗಳಿಂದ ಆಗುವುದಿಲ್ಲ.

ಮೈಸೂರು ಆಡಳಿತ (1799–1950)

1799ರ ನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಸಂಸ್ಥಾನದಾದ್ಯಂತ ಕೆರೆಗಳ ದುರಸ್ತಿ ನಡೆಯಿತು. 1860ರ ದಶಕದ ಹೊತ್ತಿಗೆ, ಮೈಸೂರಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅಭಿಪ್ರಾಯವನ್ನು ಎಂಜಿನಿಯರ್ ಆರ್.ಎಚ್. ಸ್ಯಾಂಕಿ ದಾಖಲಿಸಿದ್ದರು. ಇದ್ದ ಕೆರೆಗಳನ್ನು ಉಳಿಸಿಕೊಳ್ಳುವವರು ಯಾರು ಎಂಬುದು ಆಮೇಲಿನ ಆಡಳಿತದ ಮುಖ್ಯ ಪ್ರಶ್ನೆಯಾಯಿತು. ಕಲ್ಲುಕೆಲಸ ಸರ್ಕಾರದ್ದು, ಏರಿಯ ಮಣ್ಣುಕೆಲಸ ರೈತರದ್ದು ಎಂಬ ವಿಭಜನೆ ರೂಢಿಗೆ ಬಂತು. ಅದರ ಪಾಲನೆಯ ಬಗ್ಗೆ ತಕರಾರುಗಳು ಮುಗಿಯಲಿಲ್ಲ.

1892ರ ಮದರಾಸು–ಮೈಸೂರು ಒಪ್ಪಂದ ಈ ಪ್ರದೇಶಕ್ಕೆ ವಿಶೇಷವಾಗಿ ಮುಖ್ಯ. ಉತ್ತರ ಪಿನಾಕಿನಿ ಮತ್ತು ವೇದಾವತಿ ಎರಡೂ ಅದರ ಪಟ್ಟಿಯಲ್ಲಿದ್ದುದರಿಂದ, ಆ ನದಿಗಳ ಮೇಲೆ ಮದರಾಸಿನ ಪೂರ್ವಾನುಮತಿ ಇಲ್ಲದೆ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವಂತಿರಲಿಲ್ಲ. ಹಳೆಯ ಕೆರೆಗಳ ದುರಸ್ತಿಗೆ ಅಡ್ಡಿಯಿರಲಿಲ್ಲ. ಇದರಿಂದ ಹಳೆಯ ಕೆರೆ ಮತ್ತು ತಲಪರಿಗೆಗಳ ಮೇಲಿನ ಅವಲಂಬನೆ ಮುಂದುವರಿಯಿತು.

ಕೆರೆ ಬಳಸುವವರ ಕೂಟಕ್ಕೆ ಮೊದಲ ಬಾರಿ ಶಾಸನಬದ್ಧ ರೂಪ ಸಿಕ್ಕಿದ್ದು 1911ರ ಮೈಸೂರು ಕೆರೆ ಪಂಚಾಯಿತಿ ರೆಗ್ಯುಲೇಷನ್‌ನಿಂದ. ಆಗ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದರು. ಅಚ್ಚುಕಟ್ಟಿನ ರೈತರೇ ಪಂಚಾಯಿತಿ ಕಟ್ಟಿಕೊಂಡು ದುರಸ್ತಿಯನ್ನೂ ನೀರಿನ ಹಂಚಿಕೆಯನ್ನೂ ನಿರ್ವಹಿಸಬೇಕೆಂಬುದು ಇದರ ಆಶಯ. ಸುಮಾರು ಒಂಬತ್ತು ದಶಕಗಳ ನಂತರದ ಸಂಘಗಳ ಮಾದರಿಗೆ ಇದು ಬಹಳ ಹತ್ತಿರ.

ವಿಘಟನೆ (1950–2000)

ಸ್ವಾತಂತ್ರ್ಯಾನಂತರ ಇನಾಂ ರದ್ದತಿ ಕಾಯ್ದೆಗಳು ಬಂದವು. 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಯಿತು. ವಂಶಪಾರಂಪರ್ಯದ ಶಾನುಭೋಗ, ಪಟೇಲ ಹುದ್ದೆಗಳ ಜೊತೆಗೆ ತೋಟಿ, ತಳವಾರ, ನೀರಗಂಟಿ ಕೆಲಸಗಳೂ ಕೊನೆಗೊಂಡವು. ಹುಟ್ಟಿನಿಂದ ಅಂಟಿದ ದುಡಿಮೆಯಿಂದ ಬಿಡುಗಡೆ, ಮಾನ್ಯದ ಜಮೀನಿನ ಮೇಲೆ ಹಕ್ಕು ದೊರೆತದ್ದು ನೀರಗಂಟಿ ಕುಟುಂಬಗಳಿಗೆ ದೊಡ್ಡ ಲಾಭ. ಕೆರೆಗೆ ಮಾತ್ರ ಕಾಯುವವರು ಇಲ್ಲವಾದರು, ಅವರ ಜಾಗಕ್ಕೆ ಸಂಬಳದ ಆಳನ್ನು ಎಲ್ಲೆಡೆ ನೇಮಿಸಲೂ ಇಲ್ಲ. 1965ರ ನೀರಾವರಿ ಕಾಯ್ದೆ ಕೆರೆಗಳ ಮೇಲಿನ ಅಧಿಕಾರವನ್ನು ಇಲಾಖೆಗಳಲ್ಲಿ ಗಟ್ಟಿಗೊಳಿಸಿತು. ಕಾಲಕ್ರಮದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ ನೆಲೆಗೊಂಡಿತು.

1970ರ ದಶಕದ ನಂತರದ ಕೊಳವೆಬಾವಿ ಇನ್ನೂ ಆಳವಾದ ಬದಲಾವಣೆ ತಂದಿತು. ಸ್ವಂತ ಜಮೀನಿನಲ್ಲಿ ಪಂಪು ಇರುವವರಿಗೆ ತೂಬಿನ ಸರದಿ ಬೇಕಾಗಲಿಲ್ಲ. ನೀರಿನ ಮಟ್ಟ ಇಳಿದಂತೆ ಮೊದಲು ಒಣಗಿದವು ಆಳವಿಲ್ಲದ ತಲಪರಿಗೆಗಳು. ಜಯಮಂಗಲಿಯ ಪಾತ್ರದಿಂದಲೂ ಹಳ್ಳಗಳಿಂದಲೂ ಮರಳು ಸಾಗಿಸಿದ್ದು ಅವುಗಳ ನೀರಿನ ಸೆಲೆಗೇ ಪೆಟ್ಟು ಕೊಟ್ಟಿತು. ಕೆರೆಯಂಗಳಗಳಲ್ಲಿ ಜಾಲಿ ಬೆಳೆಯಿತು, ಪೋಷಕ ಕಾಲುವೆಗಳು ಒತ್ತುವರಿಯಾದವು. ಆಳದ ಬಂಡೆಯಿಂದ ಬಂದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು ಪಾವಗಡದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಯಿತು.

ಕೆರೆ ಬಳಕೆದಾರರ ಸಂಘಗಳು (2000ರ ನಂತರ)

ರಾಜ್ಯ ಸರ್ಕಾರ 2000ದಲ್ಲಿ ಜಲ ಸಂವರ್ಧನೆ ಯೋಜನಾ ಸಂಘವನ್ನು ಸ್ಥಾಪಿಸಿತು. ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ 2002ರಲ್ಲಿ ಆರಂಭವಾಯಿತು. ಮೊದಲ ಗುರಿ ಒಂಬತ್ತು ಜಿಲ್ಲೆಗಳ ಸುಮಾರು 2,000 ಕೆರೆಗಳು. ಆ ಜಿಲ್ಲೆಗಳಲ್ಲಿ ತುಮಕೂರು ಒಂದು. ಪ್ರತಿ ಕೆರೆಗೆ ನೋಂದಾಯಿತ ಸಂಘ, ಅದು ರೂಪಿಸುವ ಸಮಗ್ರ ಕೆರೆ ಅಭಿವೃದ್ಧಿ ಯೋಜನೆ, ವೆಚ್ಚದ ಒಂದು ಪಾಲನ್ನು ಹಣ ಅಥವಾ ಶ್ರಮದ ರೂಪದಲ್ಲಿ ಊರಿನವರೇ ಭರಿಸುವುದು ಇದರ ಚೌಕಟ್ಟು. ಹಳೆಯ ವ್ಯವಸ್ಥೆಗಿಂತ ಭಿನ್ನವಾಗಿ ಮಹಿಳೆಯರು, ಭೂರಹಿತರು, ಮೀನು ಹಿಡಿಯುವವರು, ಕುರಿ ದನ ಮೇಯಿಸುವವರನ್ನೂ ಬಳಕೆದಾರರೆಂದು ಪರಿಗಣಿಸಲಾಯಿತು. ಗೋಡು ಮಣ್ಣನ್ನು ಹೊಲಗಳಿಗೆ ಹೊಡೆದದ್ದು, ಏರಿ ಮತ್ತು ತೂಬು ಸರಿಪಡಿಸಿದ್ದು ಕಣ್ಣಿಗೆ ಕಾಣುವ ಕೆಲಸಗಳು.

ಯೋಜನೆ 2012ರಲ್ಲಿ ಮುಗಿದ ಮೇಲೆ ಸಂಘಗಳ ಬಾಳಿಕೆ ಅವುಗಳ ವರಮಾನವನ್ನು ಅವಲಂಬಿಸಿತು. ಮೀನಿನ ಹರಾಜು ಮತ್ತು ಕೆರೆಯಂಗಳದ ಮರಗಳ ಹಣ ಸಂಘಕ್ಕೆ ಸೇರಬೇಕೋ ಪಂಚಾಯಿತಿಗೋ ಎಂಬ ವಿವಾದ ಪದೇ ಪದೇ ತಲೆದೋರಿತು. ಪ್ರಾಚೀನ ದಶವಂದ ಬಗೆಹರಿಸಿದ್ದ ಪ್ರಶ್ನೆಯೇ ಇದು: ಕೆರೆಯ ಆದಾಯ ಕೆರೆಗೆ ಮರಳುವ ದಾರಿ ಯಾವುದು. ಇನ್ನೊಂದು ಕೊರತೆ ವ್ಯಾಪ್ತಿಯದು. ಸಂಘದ ಘಟಕ ಕೆರೆಯಾದ್ದರಿಂದ, ಹಳ್ಳದ ಬದಿಯಲ್ಲಿ ತನ್ನದೇ ಅಚ್ಚುಕಟ್ಟು ಮತ್ತು ಸರದಿಯುಳ್ಳ ತಲಪರಿಗೆಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ.

2016ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮವೂ ಊರ ಕೆರೆ ಸಮಿತಿಗಳ ಮೂಲಕ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹೂಳೆತ್ತಿಸಿದೆ. 2019ರ ಅಟಲ್ ಭೂಜಲ ಯೋಜನೆ ತುಮಕೂರು ಜಿಲ್ಲೆಯನ್ನು ಒಳಗೊಂಡಿದ್ದು, ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಲೆಕ್ಕವನ್ನು ಮುಂದಿಟ್ಟಿತು.

ಜೀವವೈವಿಧ್ಯ

ಸಮುದಾಯದ ಕಾವಲಿನ ಬೇರೆ ಬಗೆಯ ನಿದರ್ಶನ ಶಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ 1999ರಲ್ಲಿ ಇದನ್ನು ಹೊರಗಿನವರ ಗಮನಕ್ಕೆ ತಂದಿತು. ಹುಣಸೆ ಫಸಲಿನ ನಷ್ಟವನ್ನು ಸಹಿಸಿ ಹಕ್ಕಿಗಳನ್ನು ಕಾಪಾಡಿದವರು ಗ್ರಾಮಸ್ಥರು. ಮರಿಗಳಿಗೆ ಮೀನು ಸಿಗಬೇಕಾದರೆ ಸುತ್ತಲಿನ ಕೆರೆಗಳಲ್ಲಿ ನೀರಿರಬೇಕು. ಆದ್ದರಿಂದ ಗೂಡಿನ ಮರಗಳ ರಕ್ಷಣೆ ಮತ್ತು ಕೆರೆಗಳ ರಕ್ಷಣೆ ಇಲ್ಲಿ ಬೇರೆಯಲ್ಲ.

ಹೊರನೀರು ಮತ್ತು ಈಗಿನ ಸ್ಥಿತಿ

ಇತ್ತೀಚಿನ ದಶಕಗಳಲ್ಲಿ ಚರ್ಚೆ ದೂರದ ನದಿಗಳ ನೀರಿನ ಕಡೆ ತಿರುಗಿದೆ. ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೂ ಮಧುಗಿರಿ ಪಟ್ಟಣಕ್ಕೆ ನೀರೊದಗಿಸುವ ಸಿದ್ದಾಪುರ ಕೆರೆಗೂ ಬರುತ್ತದೆ. ಮದಲೂರು ಕೆರೆಗೆ ನೀರು ಹರಿಸುವುದು 2020ರ ಶಿರಾ ಉಪಚುನಾವಣೆಯ ಮುಖ್ಯ ಭರವಸೆಯಾಗಿತ್ತು. ಆ ಕೆರೆಗೆ ಹಂಚಿಕೆಯೇ ಇದೆಯೇ ಎಂಬ ಪ್ರಶ್ನೆ ಮರುವರ್ಷ ರಾಜಕೀಯ ಜಟಾಪಟಿಗೆ ಕಾರಣವಾಯಿತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಬಿಸಬೇಕಾದ 367 ಕೆರೆಗಳ ವ್ಯಾಪ್ತಿಗೆ ಶಿರಾ ಮತ್ತು ಪಾವಗಡ ತಾಲ್ಲೂಕುಗಳೂ ಬರುತ್ತವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆಯ ಜಲಾಶಯವನ್ನು ಬೈರಗೊಂಡ್ಲು ಬಳಿ ಕಟ್ಟುವ ಪ್ರಸ್ತಾವಕ್ಕೆ ಕೊರಟಗೆರೆ ಭಾಗದ ಮುಳುಗಡೆ ರೈತರಿಂದ ವಿರೋಧ ಬಂತು. ಹೀಗೆ ಬರುವ ನೀರಿನ ಸರದಿ ನಿರ್ಧಾರವಾಗುವುದು ನಾಲೆಯ ಮೇಲಿನ ಎಂಜಿನಿಯರುಗಳ ಕಚೇರಿಯಲ್ಲಿ. ಊರ ಸಂಘಕ್ಕೆ ಅದರಲ್ಲಿ ಮಾತಿಲ್ಲ.

2021 ಮತ್ತು 2022ರ ಭಾರಿ ಮಳೆಗೆ ಈ ಭಾಗದ ಹಲವು ಕೆರೆಗಳು ಬಹುಕಾಲದ ಮೇಲೆ ಕೋಡಿ ಬಿದ್ದವು. ಕಾಲುವೆ ತೆರವಾಗಿದ್ದ ಕಡೆ ಕೆರೆ ತುಂಬಿತು, ಮುಚ್ಚಿದ್ದ ಕಡೆ ನೀರು ಹೊಲ ರಸ್ತೆಗಳಿಗೆ ನುಗ್ಗಿತು. ಕೆರೆಗಳ ಕಾನೂನು ರಕ್ಷಣೆ ಈಗ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಹೊಣೆ. ಒತ್ತುವರಿ ತಡೆಯುವ ಅಧಿಕಾರ ಅದಕ್ಕಿದೆ. ಏರಿಯ ಗಿಡ ಕಡಿದು, ಊಟೆಯ ಹೂಳು ತೆಗೆದು, ಸರದಿ ನಡೆಸುವ ವಾರ್ಷಿಕ ಕೆಲಸ ಮಾತ್ರ ಈಗಲೂ ಉಳಿದಿರುವುದು ಅಚ್ಚುಕಟ್ಟುದಾರರ ಪಾಲಿಗೆ.